ಹಳೆಯ ಓಣಿ, ಹೊಸ ಸೆಕ್ಟರ್

ಹೋದ ಸಂಚಿಕೆಯ ಈ ಅಂಕಣದಲ್ಲಿ ಕಂಪ್ಯೂಟರ್ ತಂತ್ರಾಂಶಗಳ ಬಗ್ಗೆ ‘ಮೆನುವಿನ ಪ್ರತಿ ಸಾಲಿನ ಪಕ್ಕದಲ್ಲೂ ಚಿತ್ರ ಇರಬೇಕಾಗಿಲ್ಲ, ಅಕ್ಷರ ಸಾಕು’ ಎಂದು ಒಂದೇ ಒಂದು ಸಾಲು ಬರೆದಿದ್ದೆ. ಪ್ರಿಂಟರ್ ಶಾಯಿಯ ಬಗ್ಗೆ ಮೂರು ಪುಟ ಬರೆದಾಗಲೂ ಇಷ್ಟು ಪತ್ರ ಬಂದಿರಲಿಲ್ಲ. ಹಾಗಾಗಿ ಈ ಸಲ ಪೂರ್ತಿ ಐಕಾನ್‌ಗಳದೇ ಸಂತೆ. ‘ನುಡಿ’ ತಂತ್ರಾಂಶದ ಅಕ್ಷರಗಳನ್ನು ಯೂನಿಕೋಡ್‌ಗೆ ಬದಲಿಸುವುದನ್ನು ಕೇಳಿದ ರಬಕವಿಯವರು, ಸ್ಕ್ಯಾನರ್ ಬಗ್ಗೆ ಕೇಳಿದ ಬೈಲಹೊಂಗಲದವರು ಇನ್ನೊಂದು ತಿಂಗಳು ತಾಳಿಕೊಳ್ಳಬೇಕು.

ಎಂದಿನಂತೆ, ಬಾಗಲಕೋಟೆಯ ನವನಗರದಲ್ಲಿ ಆರು ಕಂಪ್ಯೂಟರ್ ಇಟ್ಟುಕೊಂಡು ಡಿಟಿಪಿ ಅಂಗಡಿ ನಡೆಸುವವಳ ಅನುಭವ ಇದು. ಪಂಡಿತರ ಮಾತಲ್ಲ.

ಪ್ರಶ್ನೆ: ನಮ್ಮ ಶಾಲೆಯ ಹನ್ನೆರಡು ಹಳೆಯ ಕಂಪ್ಯೂಟರ್‌ಗಳಿಗೆ ಲಿನಕ್ಸ್ ಹಾಕಿದ್ದೇವೆ. ಬೇಸಿಗೆ ರಜೆಯಲ್ಲಿ ಹೊಸ ಆವೃತ್ತಿ ಹಾಕಿಸಿದೆವು. ಡೆಸ್ಕ್‌ಟಾಪ್ ಗ್ನೋಮ್. ಈಗ ‘ಕೇಟ್’ ಎಂಬ ಬರೆಯುವ ತಂತ್ರಾಂಶ ತೆರೆದರೆ ಮೇಲಿನ ಪಟ್ಟಿಯ ಕೆಲವು ಗುಂಡಿಗಳು ಖಾಲಿ. ಒತ್ತಿದರೆ ಕೆಲಸ ಆಗುತ್ತದೆ, ಚಿತ್ರ ಮಾತ್ರ ಇಲ್ಲ. ‘ಟೀಚರ್, ಇದಕ್ಕೆ ಮುಖವೇ ಇಲ್ಲ’ ಎಂದು ಮಕ್ಕಳು ನಗುತ್ತಾರೆ. ವೈರಸ್ ಹೊಕ್ಕಿದೆಯೇ? (ಶಿಕ್ಷಕಿ, ಇಳಕಲ್)

ಉತ್ತರ: ವೈರಸ್ ಅಲ್ಲ ಟೀಚರ್, ನೆರೆಮನೆಯ ಜಗಳ. ಲಿನಕ್ಸ್ ಎಂಬುದು ವಿಂಡೋಸ್‌ನಂತೆಯೇ ಕಂಪ್ಯೂಟರನ್ನು ನಡೆಸುವ ವ್ಯವಸ್ಥೆ. ಅದರಲ್ಲಿ ಪರದೆಯ ಮೇಲೆ ಕಾಣುವ ಕಿಟಕಿ, ಮೆನುಗಳ ಏರ್ಪಾಟಿಗೆ ಡೆಸ್ಕ್‌ಟಾಪ್ ಎನ್ನುತ್ತಾರೆ. ಗ್ನೋಮ್, ಕೆಡಿಇ ಅಂಥ ಎರಡು ಮನೆಗಳು. ಅವುಗಳ ಜಗಳದಲ್ಲಿ ನಿಮ್ಮ ಮಕ್ಕಳ ಗುಂಡಿಗಳು ಬಡವಾಗಿವೆ.

ಮೊದಲು ಮದ್ದು. ತಂತ್ರಾಂಶ ಹಾಕುವ ಜಾಗದಲ್ಲಿ ‘ಬ್ರೀಜ್ ಐಕಾನ್ ಥೀಮ್’ ಎಂದು ಹುಡುಕಿ, ಹನ್ನೆರಡರಲ್ಲೂ ಹಾಕಿ, ಒಮ್ಮೆ ಲಾಗೌಟ್ ಆಗಿ ಮತ್ತೆ ಬನ್ನಿ. ಮುಖ ಬರದಿದ್ದರೆ ‘ಪೇಪಿರಸ್’ ಎಂಬ ಇನ್ನೊಂದು ಸಂಗ್ರಹವನ್ನು ಹಾಕಿ, ಇಡೀ ಡೆಸ್ಕ್‌ಟಾಪ್‌ಗೆ ಅದನ್ನೇ ಐಕಾನ್ ಥೀಮ್ ಆಗಿ ಆರಿಸಿ. ಅದರಲ್ಲಿ ಎರಡೂ ಕಡೆಯ ಹೆಸರುಗಳಿಗೆ ಚಿತ್ರಗಳಿವೆ.

ಇನ್ನು ಕಾರಣ. ಇಂಥ ತಂತ್ರಾಂಶಗಳು ಸಾಮಾನ್ಯವಾಗಿ ಗುಂಡಿಯ ಚಿತ್ರವನ್ನು ತಾವೇ ಹೊತ್ತು ತರುವುದಿಲ್ಲ. ಹೆಸರನ್ನು ಮಾತ್ರ ತರುತ್ತವೆ. ‘ಡಾಕ್ಯುಮೆಂಟ್-ಸೇವ್ ಎಂಬ ಚಿತ್ರ ಕೊಡಿ, ಅಳತೆ 22’ ಎಂದು ಡೆಸ್ಕ್‌ಟಾಪನ್ನು ಕೇಳುತ್ತವೆ. (ಅಳತೆ ಪಿಕ್ಸೆಲ್‌ಗಳಲ್ಲಿ, ಅಂದರೆ ಪರದೆಯ ಚುಕ್ಕಿಗಳ ಲೆಕ್ಕದಲ್ಲಿ.) ಐಕಾನ್ ಥೀಮ್ ಎಂದರೆ ಚಿತ್ರಗಳಿರುವ ಒಂದು ಫೋಲ್ಡರ್, ಜೊತೆಗೆ ‘ಇಂಡೆಕ್ಸ್.ಥೀಮ್’ ಎಂಬ ಒಂದು ಚೀಟಿ. ಯಾವ ಒಳಫೋಲ್ಡರಿನಲ್ಲಿ ಯಾವ ಅಳತೆಯ ಚಿತ್ರ ಇದೆ, ನಮ್ಮಲ್ಲಿ ಸಿಗದಿದ್ದರೆ ಯಾರ ಮನೆಗೆ ಹೋಗಬೇಕು ಎಂಬುದು ಆ ಚೀಟಿಯಲ್ಲಿರುತ್ತದೆ. ಮನೆಯಲ್ಲಿ ಹೆಪ್ಪು ಇಲ್ಲದ ದಿನ ಬಟ್ಟಲು ಹಿಡಿದು ಮೊದಲು ಅತ್ತೆಯ ಮನೆಗೆ, ಅಲ್ಲೂ ಇಲ್ಲವೆಂದರೆ ಓಣಿಯ ಕೊನೆಯ ಮನೆಗೆ ಹೋಗುತ್ತೇವಲ್ಲ, ಹಾಗೆ. ಓಣಿಯ ಆ ಕೊನೆಯ ಮನೆಯ ಹೆಸರು ‘ಹೈಕಲರ್’. ಎಲ್ಲ ಥೀಮ್‌ಗಳೂ ಕೊನೆಗೆ ಅದರ ಬಾಗಿಲಿಗೆ ಹೋಗಲೇಬೇಕೆಂಬುದು ನಿಯಮ. ತಮಾಷೆಯೆಂದರೆ ಆ ಮನೆಯಲ್ಲಿ ತನ್ನದೆಂಬ ಒಂದು ಚಿತ್ರವೂ ಇಲ್ಲ. ಬರೀ ಖಾಲಿ ಗೂಡುಗಳು. ಪ್ರತಿ ತಂತ್ರಾಂಶವೂ ತನ್ನ ಮುಖಚಿತ್ರದ ಒಂದು ಪ್ರತಿಯನ್ನು, ಕನಿಷ್ಠ 48ರ ಅಳತೆಯಲ್ಲಿ, ಅಲ್ಲಿ ಇಟ್ಟು ಹೋಗಬೇಕು.

ಕೇಟ್ ಹುಟ್ಟಿದ್ದು ಕೆಡಿಇ ಮನೆಯಲ್ಲಿ, ಈಗ ಇರುವುದು ಗ್ನೋಮ್ ಮನೆಯಲ್ಲಿ. ಅದು ಕೇಳುವ ಕೆಲವು ಹೆಸರುಗಳ ಚಿತ್ರಗಳನ್ನು ಗ್ನೋಮ್‌ನ ‘ಅದ್ವೈತ’ ಸಂಗ್ರಹದಿಂದ ಈಚೆಗೆ ತೆಗೆದುಹಾಕಲಾಗಿದೆ. (ಹೌದು, ನಮ್ಮ ಅದ್ವೈತವೇ. ಆ ಹೆಸರಿನ ಸಂಗ್ರಹದಿಂದ ಇಷ್ಟು ದ್ವೈತ ಹುಟ್ಟಿದ್ದು ನೋಡಿ ನನಗೆ ಪ್ರತಿ ಸಲವೂ ನಗು ಬರುತ್ತದೆ.) ಇದರಿಂದ ಬೇಸತ್ತ ಕೆಡಿಇಯವರು 2024ರ ಸುಮಾರಿಗೆ ತಮ್ಮ ತಂತ್ರಾಂಶಗಳು ಬೇರೆ ಮನೆಗೆ ಹೋದಾಗ ತಮ್ಮದೇ ಬ್ರೀಜ್ ಬುತ್ತಿಯನ್ನು ಕಟ್ಟಿಕೊಂಡು ಹೋಗುವಂತೆ ಮಾಡಿದರು. ನಿಮ್ಮಲ್ಲಿರುವ ಕೇಟ್ ಅದಕ್ಕಿಂತ ಹಿಂದಿನದಿರಬೇಕು.

ಪ್ರಶ್ನೆ: ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ‘ಸೇವ್’ ಗುಂಡಿಗೆ ಇನ್ನೂ ಫ್ಲಾಪಿಯ ಚಿತ್ರ ಏಕೆ? ನನ್ನ ಮಗ ಫ್ಲಾಪಿಯನ್ನೇ ನೋಡಿಲ್ಲ. (ಓದುಗರು, ಮುಧೋಳ)

ಉತ್ತರ: ನಿಮ್ಮ ಮಗ ಕಂದೀಲನ್ನೂ ನೋಡಿರಲಿಕ್ಕಿಲ್ಲ, ಆದರೂ ಚುನಾವಣೆಯ ಚಿಹ್ನೆಗಳ ಪಟ್ಟಿಯಲ್ಲಿ ಕಂಡರೆ ಗುರುತಿಸುತ್ತಾನೆ. 1.44 ಎಂಬಿಯ ಆ ಚೌಕ ಈಗ ವಸ್ತುವಾಗಿ ಉಳಿದಿಲ್ಲ, ಅಕ್ಷರವಾಗಿದೆ.

ಆದರೆ ಈ ಪ್ರಶ್ನೆಯೊಳಗೆ ಇನ್ನೊಂದು ಕತೆ ಇದೆ. ಐಕಾನ್‌ಗಳಿಗೆ ಹೆಸರು ಕೊಡುವ ಮಾನಕದಲ್ಲಿ ‘ಡಾಕ್ಯುಮೆಂಟ್-ಸೇವ್’ ಎಂಬ ಹೆಸರಿನ ಮುಂದೆ ‘ಹಾರ್ಡ್‌ಡಿಸ್ಕಿನ ಕಡೆಗೆ ಕೆಳಮುಖವಾದ ಬಾಣ ಇರಬೇಕು’ ಎಂದು ಬರೆದಿದೆ. ಫ್ಲಾಪಿಯ ಸುದ್ದಿಯೇ ಇಲ್ಲ. ಆದರೂ ಎಷ್ಟೋ ಸಂಗ್ರಹಗಳು ಫ್ಲಾಪಿಯನ್ನೇ ಬರೆಯುತ್ತವೆ, ಯಾರೂ ಅವರನ್ನು ಕೇಳುವುದಿಲ್ಲ. ಮಾನಕ ಬರೆದವರು ಹೆಸರು ಕೊಟ್ಟು ಸುಮ್ಮನಿರಬೇಕಿತ್ತು. ಚಿತ್ರ ಹೇಗಿರಬೇಕೆಂದು ಹೇಳಲು ಹೋದಲ್ಲಿ ಅವರ ಮಾತು ನಡೆಯಲಿಲ್ಲ.

ಆ ಬಾಣ ನನಗೂ ಕೈಕೊಟ್ಟಿದೆ. 2009ರಲ್ಲಿ ಸಂಜೆಯ ತರಗತಿಯ ಹೆಣ್ಣುಮಕ್ಕಳಿಗಾಗಿ ಒಂದು ಕೈಪಿಡಿ ಮಾಡಿ ಇನ್ನೂರು ಪ್ರತಿ ಅಚ್ಚು ಹಾಕಿಸಿದೆ, ಪುಟಪುಟಕ್ಕೂ ಐಕಾನ್‌ಗಳ ಚಿತ್ರ. ಆಗ ಸೇವ್ ಎಂದರೆ ಡಿಸ್ಕಿನ ಮೇಲೆ ಬಾಣ. ಅರ್ಧ ಜನ ಅದನ್ನು ‘ಇಳಿಸಿಕೊಳ್ಳುವ ಗುಂಡಿ’ ಎಂದುಕೊಂಡರು. ಉಳಿದರ್ಧ ಜನಕ್ಕೆ ಅರ್ಥ ಮಾಡಿಸುವಷ್ಟರಲ್ಲಿ ಹೊಸ ಆವೃತ್ತಿ ಬಂದು ಚಿತ್ರಗಳೇ ಬದಲಾದವು. ಎಂಬತ್ತು ಪ್ರತಿಗಳು ಇಂದಿಗೂ ಅಂಗಡಿಯ ಅಟ್ಟದ ಮೇಲಿವೆ. ರದ್ದಿಗೆ ಹಾಕಲು ಮನಸ್ಸಿಲ್ಲ.

ಪ್ರಶ್ನೆ: ಅಕ್ಕಾವರೇ, ನಾನು ಪಾಲಿಟೆಕ್ನಿಕ್ ವಿದ್ಯಾರ್ಥಿ. ಐಕಾನ್‌ಗಳಿಗೆ ಒಂದು ಮಾನಕ ಇದೆ ಎನ್ನುತ್ತಾರೆ. ಇದ್ದರೆ ಒಬ್ಬರು ಪಾಲಿಸಿ ಒಬ್ಬರು ಬಿಡುವುದು ಏಕೆ? ಗ್ನೋಮ್‌ನವರದು ಸರಿಯೋ, ಕೆಡಿಇಯವರದು ಸರಿಯೋ? ‘ಎರಡೂ ಕಡೆ ಸರಿ ಇದೆ’ ಎಂದು ಜಾರಿಕೊಳ್ಳಬೇಡಿ. (ವಿದ್ಯಾರ್ಥಿ, ಜಮಖಂಡಿ)

ಉತ್ತರ: ಜಾರುವುದಿಲ್ಲ ತಮ್ಮಾ. ಆದರೆ ಮೊದಲು ನಮ್ಮೂರಿನ ಕತೆ ಕೇಳು.

ಆಲಮಟ್ಟಿಯ ಹಿನ್ನೀರು ಬಂದು ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳು ಖಾಲಿಯಾದವು. ಅದರಲ್ಲಿ ನಮ್ಮ ಮನೆಯೂ ಒಂದು. ನವನಗರದಲ್ಲಿ ಜಾಗ ಸಿಕ್ಕಿತು. ವಿಳಾಸವೆಂದು ಒಂದು ಸೆಕ್ಟರ್ ನಂಬರು, ಒಂದು ಪ್ಲಾಟ್ ನಂಬರು ಸಿಕ್ಕಿತು. ಆದರೆ ನೆಂಟರ ಲಗ್ನಪತ್ರಿಕೆಗಳು ಎಷ್ಟೋ ವರ್ಷ ಹಳೆಯ ಓಣಿಯ ಹೆಸರಿಗೇ ಬರುತ್ತಿದ್ದವು. ಅವು ನಮ್ಮ ಕೈಸೇರುತ್ತಿದ್ದದ್ದು ಒಬ್ಬ ಅಂಚೆಯಣ್ಣನ ದೆಸೆಯಿಂದ. ಯಾವ ಓಣಿಯ ಯಾವ ಮನೆತನ ಯಾವ ಸೆಕ್ಟರಿಗೆ ಹೋಯಿತೆಂಬ ಪಟ್ಟಿ ಅವನ ತಲೆಯಲ್ಲಿತ್ತು. ಅವನು ನಿವೃತ್ತನಾದ ವರ್ಷ ನಮಗೆ ಎರಡು ಮದುವೆ ತಪ್ಪಿದವು.

ಐಕಾನ್‌ಗಳ ಊರಿನಲ್ಲಿ ಆದದ್ದೂ ಇದೇ. 2000ದಲ್ಲಿ ಹ್ಯಾವಕ್ ಪೆನ್ನಿಂಗ್ಟನ್ ಎಂಬವರು ಫ್ರೀಡೆಸ್ಕ್‌ಟಾಪ್ ಎಂಬ ಕಟ್ಟೆಯನ್ನು ಕಟ್ಟಿದರು. ಗ್ನೋಮ್, ಕೆಡಿಇ ಮುಂತಾದವರು ಕುಳಿತು ಮಾತಾಡಲಿ ಎಂಬುದು ಉದ್ದೇಶ. ಅದು ಪಂಚಾಯಿತಿ ಅಲ್ಲ, ಕಟ್ಟೆ ಮಾತ್ರ ಎಂಬುದನ್ನು ಗಮನಿಸು. ಅಲ್ಲಿ ಬರೆದದ್ದನ್ನು ಪಾಲಿಸದಿದ್ದರೆ ದಂಡ ಹಾಕುವವರಿಲ್ಲ. ಚಿತ್ರಗಳನ್ನು ಎಲ್ಲಿ, ಯಾವ ಫೋಲ್ಡರಿನಲ್ಲಿ ಇಡಬೇಕು, ಹೇಗೆ ಹುಡುಕಬೇಕು ಎಂಬ ನಿಯಮ ಮೊದಲು ಬಂತು. ಅದರಲ್ಲಿ ಜಗಳ ಕಡಿಮೆ. ಆದರೆ ಚಿತ್ರಗಳ ಹೆಸರು ಮಾತ್ರ ಮನೆಮನೆಗೂ ಬೇರೆ. ಉಳಿಸುವ ಗುಂಡಿಗೆ ಕೆಡಿಇಯ ಹಳೆಯ ಆವೃತ್ತಿಗಳಲ್ಲಿ ‘ಫೈಲ್‌ಸೇವ್’, ಗ್ನೋಮ್ ಕಡೆ ‘ಸ್ಟಾಕ್_ಸೇವ್’, ಅದರ ಗುಂಡಿ, ಕಿಟಕಿಗಳನ್ನು ಕಟ್ಟಿಕೊಡುವ ಜಿಟಿಕೆ ಎಂಬ ಸಲಕರಣೆಯಲ್ಲಿ ‘ಜಿಟಿಕೆ-ಸೇವ್’. ಒಬ್ಬ ಚಿತ್ರಗಾರ ಒಂದು ಥೀಮ್ ಮಾಡಿದರೆ ಒಂದೇ ಚಿತ್ರವನ್ನು ಮೂರು ಹೆಸರಿನಲ್ಲಿ ಇಡಬೇಕಿತ್ತು.

2005ರಲ್ಲಿ ಟ್ಯಾಂಗೋ ಎಂಬ ಯೋಜನೆ ಶುರುವಾಯಿತು. ಯಾವ ಡೆಸ್ಕ್‌ಟಾಪಿನಲ್ಲಿ ಇಟ್ಟರೂ ಹೊಂದುವ ಚಿತ್ರಗಳನ್ನು ಮಾಡುವುದು ಅದರ ಆಸೆ. ಅದರ ಬೆನ್ನಿಗೇ ರಾಡ್ನಿ ಡಾಸ್ ಎಂಬವರು ಹೆಸರುಗಳ ಮಾನಕ ಬರೆದರು. ಉಳಿಸುವುದು ‘ಡಾಕ್ಯುಮೆಂಟ್-ಸೇವ್’, ನಕಲಿಸುವುದು ‘ಎಡಿಟ್-ಕಾಪಿ’, ಕಸದ ಬುಟ್ಟಿ ‘ಯೂಸರ್-ಟ್ರ್ಯಾಷ್’. ಸೆಕ್ಟರ್ ನಂಬರಿನ ಹಾಗೆ ಅಚ್ಚುಕಟ್ಟು. ಅಷ್ಟೇ ಅಲ್ಲ, ಹಳೆಯ ಹೆಸರನ್ನು ಹಿಡಿದು ಬಂದವರನ್ನು ಹೊಸ ಹೆಸರಿಗೆ ತಲುಪಿಸಲು ಒಂದು ಸಣ್ಣ ಉಪಕರಣವನ್ನೂ ಮಾಡಿಕೊಟ್ಟರು. ‘ಫೈಲ್‌ಸೇವ್’ ಎಂದು ಕೇಳಿದವನನ್ನು ‘ಡಾಕ್ಯುಮೆಂಟ್-ಸೇವ್’ ಮನೆಯ ಬಾಗಿಲಿಗೆ ಕಳುಹಿಸುವ ಕೊಂಡಿಗಳನ್ನು ಅದು ಹಾಕುತ್ತಿತ್ತು. ನಮ್ಮ ಅಂಚೆಯಣ್ಣನೇ. 2008ರ ಜನವರಿಯಲ್ಲಿ ಬಂದ ಕೆಡಿಇ 4 ತನ್ನ ಆಕ್ಸಿಜನ್ ಸಂಗ್ರಹದೊಡನೆ ಹೊಸ ಹೆಸರುಗಳಿಗೇ ಬಂದಿತು. ಕೆಲವು ವರ್ಷ ಊರು ಚೆನ್ನಾಗಿತ್ತು.

ಕೆಟ್ಟದ್ದು ಹೇಗೆ? ಒಂದೇ ಕಾರಣವಿಲ್ಲ.

ಮೊದಲನೆಯದು, ಊರು ಬೆಳೆಯಿತು, ನಂಬರು ಕೊಡುವವರು ಬೆಳೆಯಲಿಲ್ಲ. ಮಾನಕದಲ್ಲಿ ಕ್ಯೂಆರ್ ಕೋಡ್‌ಗೆ ಹೆಸರಿಲ್ಲ. ಈಗ ಎಲ್ಲೆಲ್ಲೂ ಕಾಣುವ ಮೂರು ಗೆರೆಯ ಮೆನು ಗುಂಡಿಗೂ ಅಂದು ಹೆಸರಿಟ್ಟಿರಲಿಲ್ಲ. ಗ್ನೋಮ್ ಅದನ್ನು ‘ಓಪನ್-ಮೆನು’ ಎಂದಿತು, ಕೆಡಿಇ ‘ಅಪ್ಲಿಕೇಶನ್-ಮೆನು’ ಎಂದಿತು. ಇಬ್ಬರೂ ತಪ್ಪು ಮಾಡಲಿಲ್ಲ, ಆದರೆ ಮತ್ತೆ ಎರಡು ಹೆಸರಾಯಿತು. 2011ರಲ್ಲಿ ಗ್ನೋಮ್ 3 ಬಂದಾಗ ಬಣ್ಣದ ಚಿತ್ರಗಳ ಬದಲು ಒಂದೇ ಬಣ್ಣದ ಚಿಹ್ನೆಗಳು ಬಂದವು. ಹೆಸರಿನ ಕೊನೆಗೆ ‘-ಸಿಂಬಾಲಿಕ್’ ಎಂಬ ಬಾಲ. ಅಕ್ಷರದ ಬಣ್ಣ ಯಾವುದೋ ಚಿಹ್ನೆಯ ಬಣ್ಣವೂ ಅದೇ ಆಗುತ್ತದೆ, ಕಪ್ಪು ಹಿನ್ನೆಲೆಯಲ್ಲಿ ತಾನೇ ಬಿಳಿಯಾಗುತ್ತದೆ. ಬಹಳ ಒಳ್ಳೆಯ ಉಪಾಯ. ಆದರೆ ಬಣ್ಣದ ಚಿತ್ರಗಳನ್ನು ಕೇಳುತ್ತಿದ್ದವರು ಅಲ್ಲಿಂದ ಅತಿಥಿಗಳಾದರು.

ಎರಡನೆಯದು, ಹೆಸರನ್ನು ಅರ್ಥ ನೋಡಿ ಬಳಸಬೇಕಾದವರು ಚಿತ್ರ ನೋಡಿ ಬಳಸಿದರು. ತನ್ನ ಕಂಪ್ಯೂಟರಿನಲ್ಲಿ ಯಾವುದೋ ಹೆಸರಿಗೆ ಅಂದವಾದ ಬಾಣ ಕಾಣಿಸಿತು ಎಂದು ತಂತ್ರಾಂಶ ಬರೆಯುವವನು ಅದನ್ನು ‘ಉತ್ತರಿಸು’ ಗುಂಡಿಗೆ ಹಾಕುತ್ತಾನೆ. ಇನ್ನೊಂದು ಥೀಮಿನಲ್ಲಿ ಅದೇ ಹೆಸರಿಗೆ ಬೇರೆ ಚಿತ್ರ. ಆಗ ಉತ್ತರಿಸುವ ಗುಂಡಿಯ ಮೇಲೆ ಮೆಟ್ಟಿಲು ಹಾರುವ ಗುರುತು! ಬೈಸಿಕೊಳ್ಳುವವನು ತಂತ್ರಾಂಶ ಬರೆದವನು. 2019ರ ಮೇ ತಿಂಗಳಲ್ಲಿ ಗ್ನೋಮ್ ಕಡೆಯ ಹಲವು ತಂತ್ರಾಂಶಗಾರರು ಲಿನಕ್ಸ್ ವಿತರಣೆಗಳಿಗೆ, ಅಂದರೆ ಲಿನಕ್ಸನ್ನೂ ತಂತ್ರಾಂಶಗಳನ್ನೂ ಜೋಡಿಸಿ ಜನರಿಗೆ ಹಂಚುವವರಿಗೆ, ಒಂದು ಬಹಿರಂಗ ಪತ್ರ ಬರೆದರು. ನಮ್ಮ ತಂತ್ರಾಂಶಗಳಿಗೆ ನಿಮ್ಮ ಬಣ್ಣ, ನಿಮ್ಮ ಐಕಾನ್ ಬಳಿದು ಜನರಿಗೆ ಕೊಡಬೇಡಿ, ಅದು ಮುರಿಯುತ್ತದೆ, ದೂರು ನಮಗೆ ಬರುತ್ತದೆ ಎಂಬುದು ಅದರ ಸಾರ. ತನ್ನ ಸ್ವಂತ ಯಂತ್ರದಲ್ಲಿ ಯಾರು ಏನು ಬೇಕಾದರೂ ಮಾಡಿಕೊಳ್ಳಲಿ ಎಂದೂ ಅದರಲ್ಲಿತ್ತು. ಜಗಳ ಕಾಯುವವರು ಆ ಸಾಲನ್ನು ಮಾತ್ರ ಓದುವುದಿಲ್ಲ.

ಮೂರನೆಯದು ಸಣ್ಣದು, ಆದರೆ ನನಗೆ ಬಹಳ ಇಷ್ಟವಾದದ್ದು. ಮಾನಕದ ಹೆಸರುಗಳಲ್ಲಿ ಅಡ್ಡಗೆರೆ ಇರುವುದು ಸುಮ್ಮನೆ ಅಲ್ಲ. ‘ಇನ್‌ಪುಟ್-ಮೌಸ್-ಯುಎಸ್‌ಬಿ’ ಸಿಗದಿದ್ದರೆ ‘ಇನ್‌ಪುಟ್-ಮೌಸ್’ ಸಾಕು, ಅದೂ ಸಿಗದಿದ್ದರೆ ಬರೀ ‘ಇನ್‌ಪುಟ್’. ಸೊಸೆಯನ್ನು ಹೆಸರಿನಿಂದ ಗುರುತಿಸದವರು ಮನೆತನದಿಂದ ಗುರುತಿಸುವಂತೆ. ಈಗ ಹೇಳು, ನಮ್ಮ ಥೀಮಿನಲ್ಲಿ ಪೂರ್ತಿ ಹೆಸರಿನ ಚಿತ್ರ ಇಲ್ಲ, ಮೊಟಕು ಹೆಸರಿನದು ಇದೆ. ನೆರೆಮನೆಯಲ್ಲಿ ಪೂರ್ತಿ ಹೆಸರಿನದೇ ಇದೆ. ಮೊದಲು ಹೆಸರು ಮೊಟಕು ಮಾಡಬೇಕೋ, ಮೊದಲು ನೆರೆಮನೆಗೆ ಹೋಗಬೇಕೋ? ಮೊದಲನೆಯದು ಮಾಡಿದರೆ ಅಂದ ಉಳಿಯುತ್ತದೆ, ಅರ್ಥ ಮಸುಕಾಗುತ್ತದೆ. ಎರಡನೆಯದು ಮಾಡಿದರೆ ಅರ್ಥ ಸ್ಪಷ್ಟ, ಆದರೆ ಪಟ್ಟಿಯ ನಡುವೆ ಬೇರೆ ಮನೆಯ ಚಿತ್ರ ತೇಪೆಯಂತೆ ಕಾಣುತ್ತದೆ. ನಾನು ಎರಡನೆಯದರ ಪಕ್ಷ. ತೇಪೆಯಿಂದ ಯಾರ ಕೆಲಸವೂ ನಿಲ್ಲುವುದಿಲ್ಲ.

ಇನ್ನು ನಿನ್ನ ಪ್ರಶ್ನೆ, ಯಾರದು ಸರಿ? ಚಿತ್ರಗಳಲ್ಲಿ ಎರಡು ಜಾತಿ. ಒಂದು, ತಂತ್ರಾಂಶದ ಮುಖಚಿತ್ರ. ಅದು ಅಂಗಡಿಯ ಬೋರ್ಡು, ಅಂಗಡಿಕಾರನದೇ. ನನ್ನ ಡಿಟಿಪಿ ಅಂಗಡಿಯ ಬೋರ್ಡನ್ನು ಓಣಿಯ ಅಂದಕ್ಕಾಗಿ ಯಾರಾದರೂ ಬದಲಿಸಿದರೆ ನಾನು ಸುಮ್ಮನಿರುತ್ತೇನೆಯೇ? ಈ ವಿಷಯದಲ್ಲಿ ಗ್ನೋಮ್ ಕಡೆಯವರ ದೂರು ನ್ಯಾಯವಾದದ್ದು. ಇನ್ನೊಂದು, ಉಳಿಸು, ಕತ್ತರಿಸು, ಹಿಂದೆ ಹೋಗು ಎಂಬಂಥ ಕೆಲಸದ ಚಿತ್ರಗಳು. ಇವುಗಳ ಹೆಸರು ಓಣಿಯ ಹೆಸರಿದ್ದಂತೆ, ಊರಿನ ಸ್ವತ್ತು. ಅದ್ವೈತವನ್ನು ಈಗ ‘ಗ್ನೋಮ್‌ನ ಮೂಲ ತಂತ್ರಾಂಶಗಳಿಗಾಗಿ ಇರುವ ಖಾಸಗಿ ಸಂಗ್ರಹ’ ಎಂದು ಅದನ್ನು ನೋಡಿಕೊಳ್ಳುವವರೇ ಕರೆಯುತ್ತಾರೆ. ತೆಗೆದ ಹಳೆಯ ಚಿತ್ರಗಳನ್ನು ಬೇರೊಂದು ಪೊಟ್ಟಣವಾಗಿ ಇಟ್ಟಿದ್ದಾರೆ. ತಾವು ಬಳಸದ ನೂರಾರು ಬಣ್ಣದ ಚಿತ್ರಗಳನ್ನು ಬೆರಳೆಣಿಕೆಯ ಚಿತ್ರಗಾರರು ಎಷ್ಟು ದಿನ ಪುಕ್ಕಟೆ ತಿದ್ದಬೇಕು ಎಂಬ ಅವರ ವಾದವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇಷ್ಟು ವರ್ಷ ಊರಿಗೆಲ್ಲ ನೀರು ಕೊಟ್ಟ ಬಾವಿಗೆ ಒಂದು ದಿನ ಬೇಲಿ ಹಾಕಿ ‘ಇದು ಮೊದಲಿನಿಂದಲೂ ನಮ್ಮ ಹಿತ್ತಲಿನದು’ ಎಂದರೆ ಕೊಡ ಹೊತ್ತು ಬಂದವಳಿಗೆ ಸಿಟ್ಟು ಬರದೇ ಇರುತ್ತದೆಯೇ? ಇಳಕಲ್ಲಿನ ಟೀಚರ್ ಆ ಕೊಡ ಹೊತ್ತವರು. ಆದ್ದರಿಂದ ಹೆಸರುಗಳ ವಿಷಯದಲ್ಲಿ ನಾನು ಕೆಡಿಇ ಪಕ್ಷ, ಬೋರ್ಡಿನ ವಿಷಯದಲ್ಲಿ ಗ್ನೋಮ್ ಪಕ್ಷ. ಇದನ್ನು ಜಾರಿಕೊಂಡದ್ದು ಎನ್ನುವುದಾದರೆ ಜಮಖಂಡಿಯಿಂದ ಬಸ್ಸು ಹತ್ತಿ ಬಾ, ಚಹಾ ಕುಡಿಯುತ್ತಾ ಜಗಳ ಮುಂದುವರಿಸೋಣ.

ಪ್ರಶ್ನೆ: ಐಕಾನ್ ಥೀಮ್ ಬದಲಿಸಿದೆ. ಎಲ್ಲವೂ ಬದಲಾಯಿತು, ಲಿಬ್ರೆಆಫೀಸ್ ಮಾತ್ರ ಹಾಗೇ ಇದೆ. (ಓದುಗರು, ಗೋಕಾಕ)

ಉತ್ತರ: ಪತ್ರ, ಲೆಕ್ಕ ಬರೆಯುವ ಆ ತಂತ್ರಾಂಶ ಯಾರ ಮನೆಗೂ ಬಟ್ಟಲು ಹಿಡಿದು ಹೋಗುವುದಿಲ್ಲ. ವಿಂಡೋಸ್, ಮ್ಯಾಕ್‌ಗಳಲ್ಲೂ ಓಡಬೇಕಾದ ತಂತ್ರಾಂಶವಾದ್ದರಿಂದ ತನ್ನ ಚಿತ್ರಗಳನ್ನು ತಾನೇ ಜಿಪ್ ಕಡತಗಳಲ್ಲಿ ಕಟ್ಟಿಕೊಂಡು ಬರುತ್ತದೆ. ಹೆಸರುಗಳೂ ಅದರವೇ. ದೊಡ್ಡ ಚಿತ್ರಕ್ಕೆ ‘ಎಲ್‌ಸಿ_ಸೇವ್’, ಸಣ್ಣದಕ್ಕೆ ‘ಎಸ್‌ಸಿ_ಸೇವ್’. ಟೂಲ್ಸ್ ಮೆನುವಿನ ಆಪ್ಷನ್ಸ್‌ಗೆ ಹೋದರೆ ಕೊಲಿಬ್ರೆ, ಬ್ರೀಜ್, ಸುಕಪುರ, ಕರಸ ಜಗ ಎಂಬ ಸಂಗ್ರಹಗಳು ಸಿಗುತ್ತವೆ, ಬೇಕಾದದ್ದನ್ನು ಆರಿಸಿಕೊಳ್ಳಿ. ಚಿತ್ರ ತಿದ್ದುವ ಗಿಂಪ್ ತಂತ್ರಾಂಶದ್ದೂ ಹೀಗೇ. 2018ರ ಗಿಂಪ್ 2.10ರಲ್ಲಿ ಬೂದು ಚಿಹ್ನೆಗಳು ಬಂದಾಗ ನನ್ನ ಹುಡುಗಿಯರು ‘ಮೇಡಂ, ಬಣ್ಣದ ಪೆಟ್ಟಿಗೆಯ ಬಣ್ಣ ಹೋಯಿತು’ ಎಂದು ಗಾಬರಿಯಾಗಿದ್ದರು. ಪ್ರಿಫರೆನ್ಸಸ್‌ನಲ್ಲಿ ಐಕಾನ್ ಥೀಮ್‌ಗೆ ಹೋಗಿ ‘ಕಲರ್’ ಆರಿಸಿದ ಮೇಲೆ ಸಮಾಧಾನವಾಯಿತು.

ಪ್ರಶ್ನೆ: ಚಿ. ಸೌ. ತಂಗಿಗೆ ಆಶೀರ್ವಾದಗಳು. ನನಗೆ ಎಪ್ಪತ್ತನಾಲ್ಕು ವರ್ಷ. ನನ್ನ ಮನೆಯಾಕೆ ಶಾಲೆಗೆ ಹೋದವಳಲ್ಲ. ಮೊಮ್ಮಗ ಹಾಕಿಕೊಟ್ಟ ಕಂಪ್ಯೂಟರಿನಲ್ಲಿ ತಾನೇ ವಚನಗಳನ್ನು ಹಚ್ಚಿ ಕೇಳುತ್ತಾಳೆ. ಯಾವ ಸಾಲು ಏನೆಂದು ಅದರ ಪಕ್ಕದ ಚಿತ್ರ ನೋಡಿ ತಿಳಿಯುತ್ತಾಳೆ. ನೀವು ‘ಅಕ್ಷರ ಸಾಕು’ ಎಂದು ಬರೆದಿದ್ದೀರಿ. ಯಾರಿಗೆ ಸಾಕು? (ನಿವೃತ್ತರು, ವಿಜಯಪುರ)

ಉತ್ತರ: ಕಾಕಾ, ನಿಮ್ಮ ಪತ್ರ ಓದಿ ಎರಡು ದಿನ ನನಗೆ ಸಮಾಧಾನ ಇರಲಿಲ್ಲ. ಆ ಸಾಲನ್ನು ಬರೆದದ್ದು ಅಕ್ಷರ ಬಲ್ಲ ಕೈ, ಅಕ್ಷರ ಬಲ್ಲವರನ್ನೇ ಕಣ್ಣ ಮುಂದಿಟ್ಟುಕೊಂಡು. ವಾಪಸು ತೆಗೆದುಕೊಂಡಿದ್ದೇನೆ.

ನಾನೊಬ್ಬಳೇ ಹಾಗೆ ಅಂದವಳಲ್ಲ ಎಂಬುದನ್ನು ಮಾತ್ರ ಹೇಳುತ್ತೇನೆ. 2009ರಲ್ಲಿ ಬಂದ ಗ್ನೋಮ್ 2.28 ಮೆನು ಮತ್ತು ಗುಂಡಿಗಳ ಮೇಲಿನ ಚಿತ್ರಗಳನ್ನು ತಾನಾಗಿಯೇ ಕಾಣದಂತೆ ಮಾಡಿತು. ಪ್ರತಿ ಸಾಲಿಗೂ ಚಿತ್ರವಿದ್ದರೆ ಯಾವುದೂ ಎದ್ದು ಕಾಣುವುದಿಲ್ಲ, ಕಣ್ಣಿಗೆ ಗದ್ದಲ ಎಂಬುದು ವಾದ. ಓದುವವರಿಗೆ ಅದು ನಿಜವೇ. ಆಗ ಎಷ್ಟೋ ಜನ ಕೂಗಾಡಿದರು. ಕೂಗಿದವರೆಲ್ಲ ಅಭ್ಯಾಸಬಲದಿಂದ ಕೂಗುತ್ತಿದ್ದಾರೆ ಎಂದೇ ನಾನು ಅಂದುಕೊಂಡಿದ್ದೆ. ನಿಮ್ಮ ಮನೆಯವರಂಥವರ ಪತ್ರ ಅಲ್ಲಿಗೆ ಹೋಗುವುದಿಲ್ಲವಲ್ಲ. ಅವರಿಗೆ ಇಂಗ್ಲಿಷೂ ಬರುವುದಿಲ್ಲ, ದೂರು ಕೊಡುವ ಜಾಗವೂ ಗೊತ್ತಿಲ್ಲ.

ಮೊಮ್ಮಗನಿಗೆ ಹೇಳಿ, ಮೇಟ್ ಎಂಬ ಡೆಸ್ಕ್‌ಟಾಪ್ ಹಾಕಿಕೊಡಲಿ. ಅದು ಗ್ನೋಮ್ 2ರ ವಂಶದ್ದು. ಅದರ ಅಪಿಯರೆನ್ಸ್ ಕಿಟಕಿಯಲ್ಲಿ ‘ಮೆನುಗಳಲ್ಲಿ ಐಕಾನ್ ತೋರಿಸು’ ಎಂಬ ಗುರುತು ಇದೆ. ಇನ್ನೊಂದು ಮುಖ್ಯ ಮಾತು. ಕಾಕು ಈಗ ಯಾವ ಚಿತ್ರಗಳನ್ನು ಗುರುತು ಹಿಡಿದಿದ್ದಾರೋ ಆ ಥೀಮಿನ ಹೆಸರನ್ನು ಬರೆದಿಟ್ಟುಕೊಳ್ಳಿ. ಅಪ್‌ಡೇಟ್ ಬಂದು ಚಿತ್ರ ಬದಲಾದರೆ ನಮಗೆ ಅದು ಹೊಸ ಅಂದ. ಅವರಿಗೆ ಮತ್ತೆ ಅ ಆ ಇ ಈ.

ಪ್ರಶ್ನೆ: ನಾನು ಕಸೂತಿ ಹಾಕುತ್ತೇನೆ. ಗೋಪುರ, ತೇರು, ನವಿಲು, ತುಳಸಿಕಟ್ಟೆಗಳನ್ನು ಐಕಾನ್‌ಗಳಾಗಿ ಮಾಡಬೇಕೆಂಬ ಆಸೆ. ಕಂಪ್ಯೂಟರಿನಲ್ಲಿ ಚಿತ್ರ ಬರೆಯುವ ಇಂಕ್‌ಸ್ಕೇಪ್ ಅಷ್ಟಿಷ್ಟು ಬರುತ್ತದೆ. ಒಂದು ಚಿತ್ರ ಮಾಡಿ ಫೋಲ್ಡರಿನಲ್ಲಿ ಹಾಕಿದೆ, ಕಾಣಿಸುತ್ತಿಲ್ಲ. ಸಾವಿರ ಚಿತ್ರ ಮಾಡಬೇಕಾಗುತ್ತದೆಯೇ? (ಗೃಹಿಣಿ, ಗುಳೇದಗುಡ್ಡ)

ಉತ್ತರ: ಖಣದ ಊರಿನಿಂದ ಈ ಪತ್ರ ಬಂದದ್ದು ನೋಡಿ ಇದನ್ನು ಕೊನೆಗೆ ಇಟ್ಟುಕೊಂಡೆ, ಊಟದ ಕೊನೆಯ ಮೊಸರಿನಂತೆ.

ಸಾವಿರ ಬೇಡ, ಹತ್ತು ಸಾಕು. ನಿಮ್ಮ ಮನೆಯ ಫೋಲ್ಡರಿನೊಳಗೆ ‘.ಲೋಕಲ್’, ಅದರೊಳಗೆ ‘ಶೇರ್’, ಅದರೊಳಗೆ ‘ಐಕಾನ್ಸ್’, ಅಲ್ಲಿ ನಿಮ್ಮ ಥೀಮಿನ ಫೋಲ್ಡರ್. ಇಂಡೆಕ್ಸ್ ಚೀಟಿಯಲ್ಲಿ ‘ಇನ್‌ಹೆರಿಟ್ಸ್’ ಎಂಬಲ್ಲಿ ಪೇಪಿರಸ್ ಎಂದು ಬರೆಯಿರಿ. ನೀವು ಮಾಡದ ಚಿತ್ರಗಳೆಲ್ಲ ಅಲ್ಲಿಂದ ಬರುತ್ತವೆ. ಈ ಮಾನಕದಲ್ಲಿ ನನಗೆ ಅತ್ಯಂತ ಪ್ರೀತಿಯ ಭಾಗ ಇದೇ. ಬಡವಳೂ ಥೀಮ್ ಮಾಡಬಹುದು, ಇಲ್ಲದ್ದನ್ನು ಎರವಲು ತರಬಹುದು.

ಚಿತ್ರ ಕಾಣದಿರುವುದಕ್ಕೆ ಕಾರಣ ಬಹುಶಃ ಹಳೆಯ ನೆನಪು. ಪ್ರತಿ ಸಲ ಎಲ್ಲ ಫೋಲ್ಡರುಗಳನ್ನೂ ತಡಕುವುದು ಹೊರೆಯೆಂದು ವ್ಯವಸ್ಥೆ ಒಂದು ಪಟ್ಟಿಯನ್ನು ಮಾಡಿ ಇಟ್ಟುಕೊಳ್ಳುತ್ತದೆ. ಥೀಮಿನ ಹೊರಬಾಗಿಲಿನ ತಾರೀಖು ಬದಲಾದರೆ ಮಾತ್ರ ‘ಏನೋ ಹೊಸದು ಬಂದಿದೆ’ ಎಂದುಕೊಳ್ಳುತ್ತದೆ. ನೀವು ಒಳಕೋಣೆಯಲ್ಲಿ ಚಿತ್ರ ಇಟ್ಟಿರಿ, ಹೊರಬಾಗಿಲಿಗೆ ಗೊತ್ತೇ ಆಗಲಿಲ್ಲ. ಥೀಮಿನ ಮೇಲ್ಫೋಲ್ಡರಿನಲ್ಲೇ ಒಂದು ಖಾಲಿ ಕಡತ ಮಾಡಿ ಅಳಿಸಿ. ತಾರೀಖು ಬದಲಾಗುತ್ತದೆ, ಚಿತ್ರ ಕಾಣುತ್ತದೆ.

ಹೆಸರಿನ ಬಗ್ಗೆ ನಿಮಗೆ ನಾನು ಪಾಠ ಹೇಳಬೇಕಾಗಿಲ್ಲ. ಗೋಮಿ ದಡಿ ಎಂದರೆ ಇಳಕಲ್ಲಿನ ಯಾವ ಮಗ್ಗದಲ್ಲಿ ಕೇಳಿದರೂ ಗೋಮಿ ದಡಿಯೇ, ಆದರೆ ಒಬ್ಬರ ನೇಯ್ಗೆ ಇನ್ನೊಬ್ಬರದರಂತೆ ಇರುವುದಿಲ್ಲ. ನಿಮ್ಮ ಹೆಸರುಗಳನ್ನು ಮಾನಕದಿಂದ ತೆಗೆದುಕೊಳ್ಳಿ, ಎಳೆ ನಿಮ್ಮದಿರಲಿ. ತುಳಸಿಕಟ್ಟೆಯನ್ನು ‘ಯೂಸರ್-ಹೋಮ್’ಗೆ ಹಾಕಿ, ಬಹಳ ಒಪ್ಪುತ್ತದೆ. ‘ಗೋ-ಹೋಮ್’ ಎಂಬ ಇನ್ನೊಂದು ಹೆಸರಿದೆ. ಮೊದಲನೆಯದು ಮನೆ ಎಂಬ ಜಾಗ, ಎರಡನೆಯದು ಮನೆಗೆ ಹೋಗುವ ಕೆಲಸ. ಎರಡಕ್ಕೂ ಒಂದೇ ಚಿತ್ರ ಸಾಲದು. ಆನೆ ಚೆನ್ನಾಗಿದೆ ಎಂದು ಹಾರ್ಡ್‌ಡಿಸ್ಕಿಗೆ ಆನೆ ಹಾಕಬೇಡಿ. ಟ್ಯಾಂಗೋದ ಚಿತ್ರಗಳನ್ನು 2009ರಲ್ಲಿ ಸಾರ್ವಜನಿಕರಿಗೆ ಬಿಟ್ಟುಕೊಟ್ಟಿದ್ದಾರೆ. ಯಾರ ಅಪ್ಪಣೆಯೂ ಇಲ್ಲದೆ ಬಿಚ್ಚಿ, ಎಳೆ ಎಣಿಸಿ ಕಲಿಯಬಹುದು.

ಮತ್ತೆ, 48ರ ಚಿತ್ರವನ್ನು ಕುಗ್ಗಿಸಿ 16ರದು ಮಾಡಲು ಹೋಗಬೇಡಿ. ಮಸುಕಾಗುತ್ತದೆ. ದೊಡ್ಡ ಸೆರಗಿನ ತೇರನ್ನು ಕುಪ್ಪಸದ ತೋಳಿಗೆ ಹಾಕುವಾಗ ಎಳೆ ಕಡಿಮೆ ಮಾಡಿ ಮತ್ತೆ ಎಣಿಸುತ್ತೀರಲ್ಲ, ಹಾಗೆ ಪ್ರತಿ ಅಳತೆಗೂ ಬೇರೆ ಎಣಿಕೆ. ಗವಂತಿ ಹೊಲಿಗೆಯ ಗೆರೆ ಪಿಕ್ಸೆಲಿನ ಚೌಕಕ್ಕೆ ಸರಿಯಾಗಿ ಕೂರುತ್ತದೆ. ಮುರ್ಗಿ ಹೊಲಿಗೆಯ ಮೆಟ್ಟಿಲು ಇನ್ನೂ ಚೆನ್ನಾಗಿ ಕೂರುತ್ತದೆ.

ಹೋದ ಭಾನುವಾರ ನಾನೇ ಒಂದು ಗೋಪುರವನ್ನು 16ರ ಚೌಕದಲ್ಲಿ ಹಾಕಲು ಕುಳಿತೆ. ಒಂದು ತೊಡಕು ಬಂತು. ಕಸೂತಿಯ ಗೋಪುರಕ್ಕೆ ನಡು ಎಳೆ ಬೇಕು, ಅದರ ಮೇಲೆ ಕಳಸ. 16 ಸರಿಸಂಖ್ಯೆ, ಅದಕ್ಕೆ ನಡುವೇ ಇಲ್ಲ. 22, 32, 48 ಯಾವುದಕ್ಕೂ ಇಲ್ಲ. ಕಳಸಕ್ಕೆ ಎರಡು ಚೌಕ ಕೊಟ್ಟು ಅವ್ವನಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿ, ‘ಇದೇನು, ಜೋಡಿ ಕಳಸ?’ ಎಂದು ಕೇಳಿ ಒಳಗೆ ಹೋದಳು. ನೀವು ಹದಿನೈದರಲ್ಲಿ ಹಾಕಿ, ಬಲಗಡೆ ಒಂದು ಸಾಲು ಖಾಲಿ ಬಿಟ್ಟು ನೋಡಿ. ಸರಿ ಬಂದರೆ ಕಡತವನ್ನು ಪತ್ರಿಕೆಯ ವಿಳಾಸಕ್ಕೆ ಕಳುಹಿಸಿ.